ಬೆರಳು ತಾಗದೆ ಬಿದ್ದ ಕುದುರೆ

"ಗುರುಗಳೇ, ನಾಡಿನ ಕೋವಿ ಜನರ ಕೈಯಲ್ಲಿರಬೇಕೋ, ಅರಸರ ಕೈಯಲ್ಲಿರಬೇಕೋ?"

ಕೇಳಿದವನು ಮುದ್ದಯ್ಯ. ಮಠಕ್ಕೆ ಬರುವ ಮೊದಲು ಅವನು ಹನ್ನೆರಡು ವರ್ಷ ಕೋಟೆಯ ಕಾವಲಿನಲ್ಲಿದ್ದವನು. ಈ ಒಂದು ಮಾತಿನ ಮೇಲೆ ಶಿಷ್ಯರಲ್ಲಿ ಎರಡು ಪಂಗಡವಾಗಿತ್ತು. ಮೂರು ದಿನದಿಂದ ಅವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದನ್ನೂ ಬಿಟ್ಟಿದ್ದರು.

ಗುರು ಯಾವ ಪಂಗಡದ ಪಕ್ಷವನ್ನೂ ವಹಿಸಲಿಲ್ಲ. ಎಲ್ಲರನ್ನೂ ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಬೆಟ್ಟದ ಸೀಮೆಯೊಂದರಲ್ಲಿ ಒಬ್ಬ ಬಡಗಿಯಿದ್ದ. ಅವನು ನೇಗಿಲು ಮಾಡುತ್ತಿರಲಿಲ್ಲ, ಬಾಗಿಲು ಮಾಡುತ್ತಿರಲಿಲ್ಲ. ಕೋವಿಗೆ ಮರ ಕೂರಿಸುವುದೊಂದೇ ಅವನ ಕಸುಬು. ಕಬ್ಬಿಣದ ನಳಿಕೆ ಬೇರೆ ಊರಿನಿಂದ ಬರುತ್ತಿತ್ತು. ಹೆಗಲಿಗೆ ಒರಗುವ ಹಿಡಿಯನ್ನೂ ಕುದುರೆ ಕೂರುವ ಗೂಡನ್ನೂ ಅವನು ಕೆತ್ತುತ್ತಿದ್ದ. ಕೋವಿಯ ಕುದುರೆ ಎಂದರೆ ಬಡಿದು ಮದ್ದಿಗೆ ಕಿಡಿ ಕೊಡುವ ಕಬ್ಬಿಣ. ಅದನ್ನು ಮೇಲಕ್ಕೆ ಏರಿಸಿಡುತ್ತಾರೆ. ಬೆರಳು ಎಳೆದಾಗ ಮಾತ್ರ ಅದು ಬೀಳಬೇಕು.

ಬಡಗಿಗೆ ಕೋವಿ ಎಂದರೆ ಪ್ರಾಣ. ಹೆಗಲಿನ ಅಳತೆ ಕೊಡದವನಿಗೆ ಅವನು ಕೋವಿ ಮಾಡಿಕೊಡುತ್ತಿರಲಿಲ್ಲ. ಬೀಟೆಯ ಮರವನ್ನು ಆರು ವರ್ಷ ನೆರಳಿನಲ್ಲಿ ಒಣಗಿಸದೆ ಉಳಿ ಮುಟ್ಟಿಸುತ್ತಿರಲಿಲ್ಲ. ಹಸಿ ಮರ ಇವತ್ತು ಒಂದು ಮಾತು ಹೇಳಿ ನಾಳೆ ಇನ್ನೊಂದು ಹೇಳುತ್ತದೆ ಎಂದು ಬೈಯುತ್ತಿದ್ದ. ಅವನು ಕೂರಿಸಿದ ಕೋವಿಯನ್ನು ಹೆಗಲಿಗೇರಿಸಿದವರು ಕೈಗೆ ಇನ್ನೊಂದು ಗೇಣು ಬೆಳೆದಂತಾಯಿತು ಎನ್ನುತ್ತಿದ್ದರು.

ಅವನಿಗೆ ರಾಜ್ಯದ ವಿಚಾರದಲ್ಲೂ ಅಭಿಪ್ರಾಯಗಳಿದ್ದವು. ಕೋವಿಯಿರುವ ಮನೆಯ ಬಾಗಿಲನ್ನು ಅಧಿಕಾರಿ ಮೆಲ್ಲಗೆ ತಟ್ಟುತ್ತಾನೆ, ಇಲ್ಲದ ಮನೆಯ ಬಾಗಿಲನ್ನು ಒದೆಯುತ್ತಾನೆ ಎನ್ನುತ್ತಿದ್ದ. ಜನರ ಕೋವಿಗೆ ಹೆದರುವ ಅರಸು ಜನರಿಗೆ ಏನೋ ಅನ್ಯಾಯ ಮಾಡಿರಬೇಕು ಎನ್ನುತ್ತಿದ್ದ. ಮರ ಕೀಸುತ್ತಲೇ ಹೇಳುತ್ತಿದ್ದ. ರೈತರು, ಗಾಣಿಗರು, ಕುಂಬಾರರು ಕೆಲಸ ಮುಗಿಸಿ ಬಂದು ಅವನ ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ಕೇಳುವವರು ಹೆಚ್ಚಿದಷ್ಟೂ ಅವನ ಮಾತು ಹೆಚ್ಚಿತು.

ಆ ಸೀಮೆಯನ್ನು ಒಬ್ಬ ರಾಣಿ ಆಳುತ್ತಿದ್ದಳು. ಗಂಡ ತೀರಿಹೋಗಿದ್ದ. ಇದ್ದವನು ಒಬ್ಬನೇ ಮಗ. ಗದ್ದೆಗೆ ಹಂದಿ ನುಗ್ಗುತ್ತಿದೆ ಎಂದು ದೂರು ಬಂದಾಗ ಆ ಹುಡುಗ ರೈತರ ಜೊತೆ ತಾನೂ ಬೇಟೆಗೆ ಹೋದ. ಒಬ್ಬ ರೈತ ಬಂಡೆಯ ಬುಡದಲ್ಲಿ ಕೋವಿ ಹಿಡಿದು, ಕುದುರೆ ಏರಿಸಿ ಕಾಯುತ್ತಿದ್ದ. ರಾಣಿಯ ಮಗ ಅದೇ ಬಂಡೆಯ ಮೇಲಕ್ಕೆ ಹತ್ತುತ್ತಿದ್ದ. ರೈತ ದಣಿದು ಕೋವಿಯ ಹಿಡಿಯನ್ನು ಕಲ್ಲಿಗೆ ಊರಿದ. ಕೋವಿ ಸಿಡಿಯಿತು. ಗುಂಡು ತಾಗಿ ಮಗ ಬಂಡೆಯಿಂದ ಕೆಳಗೆ ಬಿದ್ದ. ಎತ್ತಿಕೊಳ್ಳುವಾಗಲೇ ಉಸಿರಿರಲಿಲ್ಲ.

ರೈತ ಓಡಿಹೋಗಲಿಲ್ಲ. ತಾನು ಬೆರಳು ತಾಗಿಸಲಿಲ್ಲ ಎಂದಷ್ಟೇ ಹೇಳಿದ. ಯಾರೂ ನಂಬಲಿಲ್ಲ. ವಿಚಾರಣೆಯಲ್ಲಿ ಬಡಗಿಯನ್ನು ಕರೆಸಿದರು, ಏಕೆಂದರೆ ಆ ಕೋವಿ ಅವನ ಕೈಯಿಂದ ಬಂದದ್ದು. ಬಡಗಿ ಕೋವಿಯನ್ನು ಒಮ್ಮೆ ತಿರುಗಿಸಿ ನೋಡಿದ. ಬಿಚ್ಚಿ ನೋಡಲಿಲ್ಲ. ನಾನು ಮಾಡಿದ ಕೋವಿ ಬೆರಳಿಲ್ಲದೆ ಸಿಡಿಯುವುದಿಲ್ಲ ಎಂದು ತುಂಬಿದ ಸಭೆಯಲ್ಲಿ ಹೇಳಿ ಮನೆಗೆ ಬಂದ. ಆ ಮಾತಿನ ಮೇಲೆ ರೈತನಿಗೆ ಗಲ್ಲು ಎಂದು ತೀರ್ಪಾಯಿತು.

ಮರುದಿನ ರಾಣಿ ಇನ್ನೊಂದು ಅಪ್ಪಣೆ ಹೊರಡಿಸಿದಳು. ಹುಣ್ಣಿಮೆಯ ಒಳಗೆ ಸೀಮೆಯ ಕೋವಿಗಳೆಲ್ಲ ಕೋಟೆಗೆ ಬಂದು ಸೇರಬೇಕು.

ಬಡಗಿಗೆ ಸಿಟ್ಟು ನೆತ್ತಿಗೇರಿತು. ಒಬ್ಬ ರೈತನ ಬೆರಳಿನ ತಪ್ಪಿಗೆ ಇಡೀ ಸೀಮೆಯ ಕೈ ಕಟ್ಟುವುದು ಯಾವ ನ್ಯಾಯ ಎಂದು ಕೇಳಿದ. ತಾಯಿಯ ದುಃಖ ದೊಡ್ಡದು, ಆದರೆ ದುಃಖದಿಂದ ಕಾನೂನು ಬರೆಯಬಾರದು ಎಂದ. ಈ ನಾಡಿನವರು ತೋಳು ಕಡಿದರೂ ಕೋವಿ ಕೆಳಗಿಡುವುದಿಲ್ಲ ಎಂದ. ಜನ ಅದನ್ನು ಮನೆಯಿಂದ ಮನೆಗೆ ಮುಟ್ಟಿಸಿದರು. ಅರವತ್ತು ಮಂದಿ ಮದ್ದು ತುಂಬಿದ ಕೋವಿಗಳ ಜೊತೆ ಬಂದು ಅವನ ಅಂಗಳದ ಸುತ್ತ ನಿಂತರು. ತನ್ನನ್ನು ಕೋಟೆಗೆ ಕರೆಯಲು ಬಂದ ಸೇವಕನಿಗೆ ಬಡಗಿ ಹೇಳಿ ಕಳಿಸಿದ, ಬೇಕಾದವರು ಇಲ್ಲಿಗೇ ಬರಲಿ ಎಂದು.

ಅದಾದ ಎರಡನೆಯ ದಿನ ಬೆಳಗ್ಗೆ ರಾಣಿಯೇ ಬಂದಳು.

ಪಲ್ಲಕ್ಕಿಯಿರಲಿಲ್ಲ, ಕಾವಲಿನವರಿರಲಿಲ್ಲ. ಕಣಿವೆಯ ದಾರಿಯಲ್ಲಿ ನಡೆದು ಬಂದಳು. ಎರಡೂ ಕೈಗಳಲ್ಲಿ ಮಗನನ್ನು ಕೊಂದ ಕೋವಿಯನ್ನು ಹಿಡಿದುಕೊಂಡಿದ್ದಳು. ಅರವತ್ತು ಮಂದಿಯ ನಡುವೆ ಅವಳು ನಡೆಯುವಾಗ ಯಾರೂ ತಡೆಯಲಿಲ್ಲ. ತಡೆಯಬೇಕೆಂದು ಬಂದವರಿಗೆ ತಾವು ಹೇಗೆ ದಾರಿ ಬಿಟ್ಟೆವೆಂದು ತಿಳಿಯಲಿಲ್ಲ.

ಅವಳು ಕೋವಿಯನ್ನು ಬಡಗಿಯ ಮುಂದಿನ ಹಲಗೆಯ ಮೇಲೆ ಮಲಗಿಸಿದಳು. ರೈತನಿಗೆ ನಾಳೆ ಗಲ್ಲು. ಕಡೆಯ ಆಸೆ ಏನೆಂದು ಕೇಳಿದರೆ, ಕೋವಿಯನ್ನು ಮಾಡಿದವನೇ ಅದನ್ನು ಒಮ್ಮೆ ಬಿಚ್ಚಿ ನೋಡಲಿ ಎಂದನಂತೆ. ಬೇರೆ ಏನೂ ಕೇಳಲಿಲ್ಲವಂತೆ. ಇಷ್ಟನ್ನು ಹೇಳಿ ಅವಳು ಜಗಲಿಯಲ್ಲಿ ಕೂತಳು.

ಬಡಗಿಗೆ ಒಲ್ಲೆ ಎನ್ನಲಾಗಲಿಲ್ಲ. ನಳಿಕೆಯಲ್ಲಿ ಮದ್ದಿಲ್ಲವೆಂದು ಖಚಿತ ಮಾಡಿಕೊಂಡ. ಕುದುರೆ ಏರಿಸಿದ. ಹಿಡಿಯನ್ನು ನೆಲಕ್ಕೆ ಊರಿದ. ಕುದುರೆ ಅಲುಗಲಿಲ್ಲ. ಮತ್ತೆ ಊರಿದ, ಅಲುಗಲಿಲ್ಲ. ಹತ್ತು ಸಲ ಹಾಗೆಯೇ ಆಯಿತು. ಅವನ ಎದೆ ಹಗುರವಾಯಿತು. ನೋಡಿದಿರಾ ಎನ್ನಲು ತಲೆಯೆತ್ತಿದ. ರಾಣಿ ಜಗಲಿಯಲ್ಲಿರಲಿಲ್ಲ. ನಡೆದು ಬಂದ ದಣಿವಿಗೆ ನೀರು ಕುಡಿಯಲು ಬಾವಿಯ ಕಡೆ ಹೋಗಿದ್ದಳು. ಅಂಗಳದವರ ಕಣ್ಣೆಲ್ಲ ಅವಳ ಮೇಲಿತ್ತು.

ಕೈ ಅಭ್ಯಾಸದಿಂದ ಇನ್ನೂ ಊರುತ್ತಲೇ ಇತ್ತು. ಹದಿನೇಳನೆಯ ಸಲಕ್ಕೆ ಕುದುರೆ ತಾನಾಗಿ ಬಿತ್ತು.

ಬಡಗಿ ತಿರುಪು ಬಿಚ್ಚಿ ಕುದುರೆಯ ಗೂಡನ್ನು ನೋಡಿದ. ಮರ ಕುಗ್ಗಿತ್ತು. ಕಬ್ಬಿಣಕ್ಕೂ ಮರಕ್ಕೂ ನಡುವೆ ಉಗುರಿನ ತುದಿಯಷ್ಟು ಜಾಗವಾಗಿತ್ತು. ಆರು ವರ್ಷ ಒಣಗಿದ ಮರ ಹಾಗೆ ಕುಗ್ಗುವುದಿಲ್ಲ. ಇದು ಮೂರೇ ವರ್ಷ ಒಣಗಿದ್ದು. ಯಾವಾಗ ಕೆತ್ತಿದ್ದು ಎಂಬುದೂ ಅವನಿಗೆ ನೆನಪಾಯಿತು. ಪಕ್ಕದ ಸೀಮೆಯ ಅರಸು ಜನರ ಕೋವಿಗಳನ್ನು ಕಿತ್ತುಕೊಂಡನೆಂಬ ಸುದ್ದಿ ಬಂದ ವರ್ಷ ಅದು. ಆ ವರ್ಷವಿಡೀ ಅವನ ಜಗಲಿ ತುಂಬಿರುತ್ತಿತ್ತು. ಅವನು ದಿನವೆಲ್ಲ ಮಾತಾಡುತ್ತಿದ್ದ. ಮಾತಿನ ನಡುವೆ ಕೈ ಯಾವ ರಾಶಿಯಿಂದ ಯಾವ ತುಂಡನ್ನು ಎಳೆದುಕೊಂಡಿತೆಂದು ನೋಡಿರಲಿಲ್ಲ.

ಕುದುರೆ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಆ ಸೀಮೆಯಲ್ಲಿ ಕೋವಿಯ ಗೂಡನ್ನು ಓದಬಲ್ಲ ಇನ್ನೊಬ್ಬನಿರಲಿಲ್ಲ. ತಿರುಪು ಬಿಗಿಮಾಡಿ ಕೊಟ್ಟರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಿಜ ಹೇಳಿದರೆ ಗಲ್ಲು ರೈತನ ಕೊರಳು ಬಿಟ್ಟು ತನ್ನ ಕೊರಳಿಗೆ ಬರಬಹುದಿತ್ತು. ಅದಕ್ಕಿಂತ ಹೆಚ್ಚಾಗಿ ಅವನನ್ನು ಕಾಡಿದ್ದು ಬೇರೆ. ಮೂವತ್ತು ವರ್ಷ ಈ ಜಗಲಿಯಲ್ಲಿ ಅವನು ಹೇಳಿದ್ದೆಲ್ಲ ನಿಂತದ್ದು ಅವನ ಕೋವಿಯಲ್ಲಿ ತಪ್ಪಿಲ್ಲ ಎಂಬ ನಂಬಿಕೆಯ ಮೇಲೆ. ಅದು ಹೋದರೆ ರಾಣಿಯ ಅಪ್ಪಣೆಯೇ ಸರಿಯಾಯಿತಲ್ಲ ಎಂದು ಅವನಿಗೆ ತೋರಿತು. ಹೊರಗೆ ಅರವತ್ತು ಮಂದಿ ಅವನಿಗಾಗಿ ಸಾಯಲು ನಿಂತಿದ್ದರು.

ರಾಣಿ ಬಾವಿಯಿಂದ ಬಂದಳು. ಮುಖ ತೊಳೆದಿದ್ದಳು. ನೀರು ಇನ್ನೂ ಒರೆಸಿಕೊಂಡಿರಲಿಲ್ಲ. ಅವಳು ಏನನ್ನೂ ಕೇಳಲಿಲ್ಲ. ಬಡಗಿ ಕೋವಿಯನ್ನು ಎತ್ತಿಕೊಂಡು ಎಲ್ಲರಿಗೂ ಕಾಣುವಂತೆ ಅಂಗಳಕ್ಕೆ ಇಳಿದ.

"ತಾಯಿ, ಈ ಕುದುರೆ ಬೆರಳು ತಾಗದೆ ಬೀಳುತ್ತದೆ. ರೈತ ಹೇಳಿದ್ದು ನಿಜ. ನಿಮ್ಮ ಮಗನನ್ನು ಕೊಂದದ್ದು ನನ್ನ ಉಳಿ."

ರಾಣಿ ಕೋವಿಯನ್ನೂ ಅವನ ಮುಖವನ್ನೂ ನೋಡಿದಳು.

"ನಾನು ಬಾವಿಯ ಹತ್ತಿರ ಇದ್ದೆ, ಆಚಾರಿ. ನೀನು ಹೇಳದಿದ್ದರೆ ನನಗೆ ತಿಳಿಯುತ್ತಿರಲಿಲ್ಲ."

"ತಿಳಿಯುತ್ತಿರಲಿಲ್ಲ, ತಾಯಿ."

ತೋರಿಸು ಎಂದಳು. ಬಡಗಿ ಗೂಡಿನ ಮರ ಕುಗ್ಗಿದ್ದನ್ನು ತೋರಿಸಿ, ಅದನ್ನು ಯಾವ ವರ್ಷ ಕೆತ್ತಿದ್ದೆಂದು ಹೇಳಿ, ತಿರುಪು ಮತ್ತೆ ಹಾಕಿ, ಕುದುರೆ ಏರಿಸಿ, ಹಿಡಿಯನ್ನು ನೆಲಕ್ಕೆ ಊರುತ್ತ ಹೋದ. ಈ ಸಲ ಇಪ್ಪತ್ತಮೂರಕ್ಕೆ ಬಿತ್ತು. ಅರವತ್ತು ಮಂದಿಯೂ ಆ ಸದ್ದು ಕೇಳಿದರು. ರಾಣಿ ಕೋವಿಯನ್ನು ತನ್ನ ಕೈಗೆ ತೆಗೆದುಕೊಂಡು ತಾನೇ ಊರಿ ನೋಡಿದಳು. ಮತ್ತೆ ಬೀಳುವವರೆಗೂ ಬಿಡಲಿಲ್ಲ. ಬಿದ್ದಾಗ ಕಣ್ಣು ಮುಚ್ಚಿದಳು, ಅಷ್ಟೆ. ಆಮೇಲೆ ಗುಂಪಿನಲ್ಲಿದ್ದ ಒಬ್ಬ ಕುಂಬಾರನನ್ನು ಕರೆದು ತನ್ನ ಮುದ್ರೆಯುಂಗುರ ಕೊಟ್ಟಳು. ಕೋಟೆಗೆ ಓಡಿ ರೈತನನ್ನು ಈ ಗಳಿಗೆಯೇ ಬಿಡಿಸಬೇಕೆಂದಳು. ತನ್ನ ವಿರುದ್ಧ ಕೋವಿ ಹಿಡಿದು ನಿಂತವನ ಕೈಗೆ ಉಂಗುರ ಕೊಡುತ್ತಿದ್ದೇನೆಂದು ಅವಳಿಗೆ ಅನಿಸಿದಂತೆ ಕಾಣಲಿಲ್ಲ. ಕುಂಬಾರ ಕೋವಿಯನ್ನು ಅಲ್ಲೇ ಗೋಡೆಗೆ ಒರಗಿಸಿ ಓಡಿದ.

ಬಡಗಿ ತಲೆ ತಗ್ಗಿಸಿ ನಿಂತಿದ್ದ. ತನಗೆ ಏನು ಶಿಕ್ಷೆಯೆಂದು ಅವನು ಕಾಯುತ್ತಿದ್ದ. ಆಗ ಅವನ ಹಿಂದೆ ಏನೋ ಸುರಿಯುವ ಸಣ್ಣ ಸದ್ದು ಕೇಳಿಸಿತು. ತಿರುಗಿ ನೋಡಿದ. ಒಬ್ಬ ಗಾಣಿಗ ತನ್ನ ಕೋವಿಯ ಮದ್ದನ್ನು ನೆಲಕ್ಕೆ ಸುರಿಯುತ್ತಿದ್ದ. ಸುರಿದಾದ ಮೇಲೆ ಕೋವಿಯನ್ನು ತಂದು ಜಗಲಿಯ ಮೇಲೆ ಇಟ್ಟ. ಇದೂ ಅದೇ ವರ್ಷದ್ದು, ಇದನ್ನೂ ಬಿಚ್ಚಿ ನೋಡು ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ.

ಅವನ ಹಿಂದೆ ಇನ್ನೊಬ್ಬ ಬಂದ. ನನ್ನದು ಯಾವ ವರ್ಷದ್ದೆಂದು ನೆನಪಿಲ್ಲ, ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ ಎಂದ. ಮೂರನೆಯವನೂ ತನ್ನದನ್ನು ತಂದಿಟ್ಟ. ಒಬ್ಬೊಬ್ಬರಾಗಿ ಬಂದು ಮದ್ದು ಸುರಿದು ಕೋವಿ ಇಟ್ಟು ಪಕ್ಕಕ್ಕೆ ನಿಂತರು. ಅಂಗಳದ ಮಣ್ಣು ಕಪ್ಪಗಾಯಿತು. ಜಗಲಿ ತುಂಬಿ, ಮೆಟ್ಟಿಲು ತುಂಬಿತು.

ಅಲ್ಲಿ ಯಾರೂ ಕೋವಿ ಇಡಿ ಎಂದಿರಲಿಲ್ಲ. ಯಾರೂ ಹೆದರಿರಲಿಲ್ಲ. ತೋಳು ಕಡಿದರೂ ಕೋವಿ ಕೆಳಗಿಡುವವರಲ್ಲ ಎಂದು ಯಾರ ಬಗ್ಗೆ ಬಡಗಿ ಹೇಳಿದ್ದನೋ ಅವರೇ ಇವರು. ಅವನು ಅವರನ್ನು ಮೊದಲ ಸಲ ನೋಡುವವನಂತೆ ನೋಡಿದ. ಮದ್ದು ಚೆಲ್ಲಿದ ಮಣ್ಣಿನ ಮೇಲೇ ಕುಸಿದು ಕೂತ. ರಾಣಿಯೂ ಬರಿಗೈಯವರ ಆ ಸಾಲನ್ನು ನೋಡುತ್ತ ನಿಂತಳು.

ಸ್ವಲ್ಪ ಹೊತ್ತಿಗೆ ರಾಣಿ, ಎದ್ದು ಕೆಲಸಕ್ಕೆ ಕೂರು ಎಂದಳು. ಅದೇ ಅವನಿಗೆ ಕೊಟ್ಟ ಶಿಕ್ಷೆ.

ಬಡಗಿ ಎಲ್ಲ ಕೋವಿಗಳನ್ನೂ ಬಿಚ್ಚಿದ. ಅದಕ್ಕೆ ಎರಡು ತಿಂಗಳು ಹಿಡಿಯಿತು. ನಾಲ್ಕರಲ್ಲಿ ಅದೇ ದೋಷ ಸಿಕ್ಕಿತು. ಆ ನಾಲ್ಕು ಹಿಡಿಗಳನ್ನು ಅವನು ಎಲ್ಲರೆದುರಿಗೆ ಸುಟ್ಟ. ಪೂರ್ತಿ ಒಣಗಿದ ಮರ ಉಳಿದಿರಲಿಲ್ಲ, ಹೊಸ ಹಿಡಿಗೆ ಮರ ಒಣಗಬೇಕಿತ್ತು. ಆ ನಾಲ್ಕು ಮನೆಗಳಿಗೆ ಅದು ಒಣಗುವವರೆಗೂ ಕೋವಿಯಿರಲಿಲ್ಲ. ಅವರ ಗದ್ದೆಗೆ ಹಂದಿ ಬಂದರೆ ಅಕ್ಕಪಕ್ಕದವರು ಹೋಗಿ ಕಾಯುತ್ತಿದ್ದರು. ಉಳಿದವರು ತಮ್ಮ ಕೋವಿಗಳನ್ನು ಮನೆಗೆ ಒಯ್ದರು. ಅಷ್ಟರಲ್ಲಿ ಹುಣ್ಣಿಮೆ ಬಂದು ಹೋಗಿತ್ತು. ಅಪ್ಪಣೆಯನ್ನು ರಾಣಿ ಹಿಂತೆಗೆದುಕೊಳ್ಳಲಿಲ್ಲ, ಮತ್ತೆ ಸಾರಿಸಲೂ ಇಲ್ಲ.

ರೈತ ಮನೆ ಸೇರಿದ ದಿನವೇ ಬಡಗಿ ಅಲ್ಲಿಗೆ ಹೋಗಿ ಅವನ ಕಾಲಿಗೆ ಬಿದ್ದ. ರೈತ ಅವನನ್ನು ಎತ್ತಿ ಕೂರಿಸಿದ. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟ. ಇಬ್ಬರೂ ಹೊಸ್ತಿಲಿನ ಆಚೆ ಈಚೆ ಕೂತಿದ್ದು ಎದ್ದರು. ರೈತ ಮುಂದೆ ಎಂದೂ ಕೋವಿ ಮುಟ್ಟಲಿಲ್ಲ. ಆದರೂ ಬಡಗಿಯ ಜಗಲಿಗೆ ಬರುತ್ತಿದ್ದ.

ಅಲ್ಲಿ ಮಾತು ಮೊದಲಿನಂತೆಯೇ ನಡೆಯುತ್ತಿತ್ತು. ಬಡಗಿ ಅಧಿಕಾರಿಗಳನ್ನು ಬೈಯುವುದನ್ನು ಬಿಡಲಿಲ್ಲ, ಕೋವಿಯನ್ನು ಹೊಗಳುವುದನ್ನೂ ಬಿಡಲಿಲ್ಲ. ಆದರೆ ಮಾತು ಶುರುಮಾಡುವಾಗ ಉಳಿಯನ್ನು ಕೆಳಗಿಡುತ್ತಿದ್ದ. ಉಳಿ ಎತ್ತಿಕೊಂಡರೆ ಕೇಳಿದ್ದಕ್ಕೂ ಉತ್ತರ ಕೊಡುತ್ತಿರಲಿಲ್ಲ.

ಗುರು ಇಲ್ಲಿಗೆ ನಿಲ್ಲಿಸಿದರು. ಗುರು ಇನ್ನೂ ಏನಾದರೂ ಹೇಳುತ್ತಾರೆಂದು ಶಿಷ್ಯರು ಕಾದರು. ಮುದ್ದಯ್ಯನಿಗೆ ತಡೆಯಲಾಗಲಿಲ್ಲ. ಅವನು ಕೈಮುಗಿದು ಕೇಳಿದ, "ಹಾಗಾದರೆ ಗೆದ್ದದ್ದು ಯಾರ ಮಾತು, ಗುರುಗಳೇ? ಬಡಗಿಯದೋ, ರಾಣಿಯದೋ?"

"ಆ ಅಂಗಳದಲ್ಲಿ ನಿಂತಿದ್ದವರಲ್ಲಿ ಒಬ್ಬನಿಗೂ ಅದನ್ನು ಕೇಳಬೇಕೆಂದು ತೋಚಲಿಲ್ಲ, ಮುದ್ದಯ್ಯ" ಎಂದರು ಗುರು.