ಬದುವಿನ ಆ ಕಡೆ

"ಗುರುಗಳೇ, ಯಾರನ್ನೂ ನೋಯಿಸದೆ ತನ್ನ ಕಾಟಗಳನ್ನೆಲ್ಲ ಕಳೆದುಕೊಂಡವನಿಗೆ ಇನ್ನು ಯಾವ ಸಾಧನೆ ಬಾಕಿ ಇರುತ್ತದೆ?"

ಹೀಗೆ ಕೇಳಿದವನು ಮುರಿಗೆಪ್ಪ. ಅವನು ಮಠಕ್ಕೆ ಬಂದು ಎರಡು ಮಳೆಗಾಲ ಕಳೆದಿತ್ತು. ಗುರುಗಳು ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು, ಇಲಿಯ ಹಿಕ್ಕೆ ಆರಿಸುತ್ತಿದ್ದರು. ತಲೆ ಎತ್ತದೆಯೇ ಕೇಳಿದರು:

"ಹಾಗೆ ಕಳೆದುಕೊಂಡವನು ಯಾರಪ್ಪ?"

"ನಾನೇ, ಗುರುಗಳೇ. ಇಲ್ಲಿಗೆ ಬಂದಾಗ ನನ್ನ ತಲೆಯ ತುಂಬ ಮನೆಯೇ ಇತ್ತು. ನಮ್ಮ ಅಣ್ಣನಿಗೆ ಹುಟ್ಟಿದಾಗಿನಿಂದ ಬುದ್ಧಿ ಬೆಳೆದಿಲ್ಲ. ಆಳು ಮಾತ್ರ ಕಟ್ಟುಮಸ್ತು. ಒಂದು ಸ್ನಾನ ಮಾಡಿಸಬೇಕೆಂದರೂ ನಾನು ಹಿಡಿದುಕೊಳ್ಳಬೇಕು, ತಂಗಿ ನೀರು ಹಾಕಬೇಕು. ಕಚ್ಚುತ್ತಿದ್ದ, ಕಿರುಚುತ್ತಿದ್ದ. ಆದರೂ ನಾನು ಅವನ ಮೇಲೆ ಕೈ ಎತ್ತಲಿಲ್ಲ, ಮನೆಯಲ್ಲಿ ಯಾರಿಗೂ ಒಂದು ಕಟುಮಾತು ಆಡಲಿಲ್ಲ. ಒಂದು ದಿನ ಸುಮ್ಮನೆ ಎದ್ದು ಬಂದೆ. ಈಗ ಕಣ್ಣು ಮುಚ್ಚಿ ಕುಳಿತರೆ ಒಳಗೆ ಒಂದು ಸದ್ದೂ ಇಲ್ಲ."

ಗುರುಗಳು ಒಂದು ಹಿಕ್ಕೆಯನ್ನು ಎತ್ತಿ ಅಂಗಳಕ್ಕೆ ಎಸೆದರು. ಮೊರವನ್ನು ಪಕ್ಕಕ್ಕೆ ಇಟ್ಟರು.

"ಸಂತೋಷ. ಹಾಗಾದರೆ ಇಲಿಗಳ ಒಂದು ಕತೆ ಹೇಳುತ್ತೇನೆ. ಕೂತುಕೋ" ಎಂದು ಶುರುಮಾಡಿದರು.

ಕೆರೆಯ ಕೆಳಗೆ ಒಂದು ಊರು. ಆ ಊರಿನಲ್ಲಿ ಒಬ್ಬ ರೈತ. ಬಹಳ ಒಳ್ಳೆಯವನು. ನಾನು ಗೇಲಿಗೆ ಹೇಳುತ್ತಿಲ್ಲ, ಊರಿಗೆ ಊರೇ ಹಾಗೆ ಹೇಳುತ್ತಿತ್ತು. ಇರುವೆಯ ಸಾಲು ಕಂಡರೆ ಸುತ್ತು ಹಾಕಿ ಹೋಗುತ್ತಿದ್ದ. ಭತ್ತದ ತೆನೆಗೆ ಹಕ್ಕಿ ಮುತ್ತಿದರೆ ಊರವರೆಲ್ಲ ಕವಣೆ ಬೀಸುತ್ತಿದ್ದರು. ಇವನು ಮಾತ್ರ ಚಪ್ಪಾಳೆ ತಟ್ಟಿ, ಹೋಗ್ರವ್ವಾ ಹೋಗ್ರಿ ಎಂದು ಬೇಡಿಕೊಳ್ಳುತ್ತಿದ್ದ. ಹಕ್ಕಿಗಳೂ ಅವನ ಮಾತು ಕೇಳಿ ಹೋಗುತ್ತಿದ್ದವು. ಬಹಳ ದೂರವೇನೂ ಅಲ್ಲ, ಪಕ್ಕದ ಗದ್ದೆಗೆ.

ಪಕ್ಕದ ಗದ್ದೆ ಅವನ ತಂಗಿಯದು. ಅವಳ ಮದುವೆಯಲ್ಲಿ ಅಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಸಣ್ಣ ತುಂಡು. ಗಂಡ ತೀರಿಕೊಂಡ ಮೇಲೆ ಅವಳು ಮಗಳನ್ನು ಕಟ್ಟಿಕೊಂಡು ತವರೂರಿಗೆ ಬಂದಳು. ಅಣ್ಣನ ಮನೆಯಲ್ಲಿ ಇರಲಿಲ್ಲ, ಊರ ಅಂಚಿನಲ್ಲಿ ಒಂದು ಗುಡಿಸಲು ಹಾಕಿಕೊಂಡಳು. ಆ ತುಂಡು ಬೆಳೆದರೆ ತಾಯಿ ಮಗಳಿಗೆ ವರ್ಷದ ಅನ್ನ. ಬೆಳೆಯದಿದ್ದರೆ ಅಣ್ಣನ ಬಾಗಿಲು. ಏನಾದರೂ ಆಗಲಿ, ಅಣ್ಣನ ಬಾಗಿಲಿಗೆ ಹೋಗಿ ಸೆರಗು ಒಡ್ಡಬಾರದು ಎಂಬುದೊಂದೇ ಅವಳ ಹಟ. ಬಡವರಿಗೆ ಇಷ್ಟಾದರೂ ಹಟ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಎರಡು ಗದ್ದೆಗಳ ನಡುವೆ ಒಂದು ಬದು ಇತ್ತು. ಆ ಬದುವಿನ ತುಂಬ ಇಲಿಯ ಬಿಲಗಳು.

ಇಲಿಗೆ ಹೊಗೆ ಹಾಕುವುದು ಆ ಕಡೆಯ ರೂಢಿ. ತಳ ತೂತಾದ ಮಡಕೆಗೆ ಹುಲ್ಲು, ಬೇವಿನ ಸೊಪ್ಪು, ಒಣಮೆಣಸಿನಕಾಯಿ ತುಂಬಿ ಬೆಂಕಿ ಹಚ್ಚುತ್ತಾರೆ. ಮಡಕೆಯ ಬಾಯನ್ನು ಬಿಲಕ್ಕೆ ಒತ್ತಿ ಹಿಡಿದು ತೂತಿನಿಂದ ಊದುತ್ತಾರೆ. ಹೊಗೆ ಒಳಗೆ ಹೋಗುತ್ತದೆ, ಇಲಿ ಹೊರಗೆ ಬರುತ್ತದೆ. ಆದರೆ ಯಾರೂ ಒಬ್ಬರೇ ಹೊಗೆ ಹಾಕಬಾರದು ಎಂದು ಊರಿನಲ್ಲಿ ಕಟ್ಟಳೆ ಇತ್ತು. ಬದು ಇಬ್ಬರದು, ಹಾಗಾಗಿ ಇಬ್ಬರೂ ಬರಬೇಕು. ಮೊದಲು ಇಬ್ಬರೂ ಸೇರಿ ಬಿಲಗಳನ್ನು ಹುಡುಕಿ ಕೆಸರಿನಿಂದ ಮುಚ್ಚಬೇಕು, ಎರಡನ್ನು ಮಾತ್ರ ಬಿಡಬೇಕು. ಒಬ್ಬ ಈ ಕಡೆ ಊದಬೇಕು. ಇನ್ನೊಬ್ಬ ಆ ಕಡೆ ಬಡಿಗೆ ಹಿಡಿದು ನಿಲ್ಲಬೇಕು. ಬಡಿಗೆ ಹಿಡಿಯುವವನ ಕೆಲಸ ಕೆಟ್ಟದ್ದು, ಅದಕ್ಕೇ ಒಂದು ವರ್ಷ ಇವನು ಹಿಡಿದರೆ ಮರುವರ್ಷ ಅವನು. ಊರಿನ ಹಿರಿಯರು ಯೋಚನೆ ಮಾಡಿಯೇ ಹಾಗೆ ಕಟ್ಟಿಟ್ಟಿದ್ದರು.

ತೆನೆ ಹಾಲು ತುಂಬುವ ಮೊದಲು ತಂಗಿ ಬದುವಿನ ಮೇಲೆ ಬಂದು ನಿಂತಳು.

"ಅಣ್ಣ, ಹೊಗಿ ಹಾಕೋ ದಿನ ನನ್ನೂ ಕರಿ. ಈ ಕಡಿ ನಾ ನಿಂದರ್ತೀನಿ."

"ನಿಂತು ಏನ್ ಮಾಡ್ತಿ?"

"ಹೊರಗ ಬಂದದ್ದನ್ನ ಬಡೀತೀನಿ. ಬರೋ ವರ್ಷ ನೀ ಬಡಿಯಂತಿ."

"ಶಿವ ಶಿವಾ! ನನ್ನ ಬದುವಿನ ಮ್ಯಾಲೆ ಒಂದು ಜೀವ ಹೋಗಬಾರದು, ತಂಗಿ. ಅವಕ್ಕೂ ಹೊಟ್ಟಿ ಅದ."

"ಹಂಗಾರ ಅವು ಎಲ್ಲಿಗೆ ಹೋಗಬೇಕು?"

"ಹೋಗ್ತಾವ, ಎಲ್ಲ್ಯಾರ."

ಎಲ್ಲಾದರೂ ಎಂಬ ಹೆಸರಿನ ಊರು ಎಲ್ಲಿಯಾದರೂ ಇದ್ದರೆ ನನಗೂ ತೋರಿಸು, ಮುರಿಗೆಪ್ಪ. ನಾನೂ ನೋಡಬೇಕೆಂದಿದ್ದೇನೆ.

ತಂಗಿ ಬೇರೆಯವರ ಗದ್ದೆಗೆ ಕಳೆ ಕೀಳುವ ಕೂಲಿಗೆ ಹೋದ ಹೊತ್ತು ನೋಡಿ ರೈತ ಒಬ್ಬನೇ ಹೊಗೆ ಹಾಕಿದ. ತನ್ನ ಕಡೆಯ ಬಿಲಗಳನ್ನೆಲ್ಲ ಕೆಸರು ಮೆತ್ತಿ ಚೆನ್ನಾಗಿ ಮುಚ್ಚಿದ, ಊದಲು ಒಂದನ್ನು ಉಳಿಸಿಕೊಂಡ. ಆ ಕಡೆಯ ಬಿಲಗಳು ಹಾಗೆಯೇ ಇದ್ದವು. ಉಸಿರು ಕಟ್ಟುವವರೆಗೆ ಊದಿದ, ಕಣ್ಣಲ್ಲಿ ನೀರು ಬರುವವರೆಗೆ ಊದಿದ. ಇಲಿಗಳು ಹೋದವು. ಒಂದೂ ಸಾಯಲಿಲ್ಲ. ಅವನು ಬದುವಿನ ಮೇಲೆ ನಿಂತು ಆಕಾಶಕ್ಕೆ ಕೈ ಮುಗಿದ.

ಸುಗ್ಗಿಯಲ್ಲಿ ಅವನ ಕಣದಲ್ಲಿ ಭತ್ತದ ರಾಶಿ ಬಿತ್ತು. ತಂಗಿಯ ಕಣದಲ್ಲಿ ಹುಲ್ಲು ಮತ್ತು ಹೊಟ್ಟು. ಇಲಿಗಳು ತೆನೆಯನ್ನು ಬುಡದಲ್ಲೇ ಕತ್ತರಿಸಿ ಒಳಗೆ ಎಳೆದುಕೊಂಡಿದ್ದವು. ಕಣ ಗುಡಿಸಿ ಅವಳು ಸುಮ್ಮನೆ ಕುಳಿತಳು. ಅಣ್ಣನ ಬಾಗಿಲಿಗೆ ಹೋಗಲಿಲ್ಲ. ಅಣ್ಣನೇ ಒಂದು ಬುಟ್ಟಿ ಭತ್ತ ಕಳಿಸಿದ, ಆಳಿನ ತಲೆಯ ಮೇಲೆ ಹೊರಿಸಿ, ಊರ ನಡುಬೀದಿಯಲ್ಲಿ, ಎಲ್ಲರೂ ನೋಡುವಂತೆ. ನೋಡಿದವರು ಅಣ್ಣ ಎಂದರೆ ಹೀಗಿರಬೇಕು ಎಂದರು. ಮಗಳಿಗೆ ಹಸಿವಾಗಿತ್ತು, ತಂಗಿ ಬುಟ್ಟಿ ಇಳಿಸಿಕೊಂಡಳು. ಆ ಭತ್ತ ಅವಳಿಗೆ ಹೇಗೆ ಗಂಟಲಲ್ಲಿ ಇಳಿಯಿತೋ ನಾನು ಕಾಣೆ.

ಮರುವರ್ಷ ಅವಳು ತನ್ನ ಗದ್ದೆಯಲ್ಲಿ ಅಲ್ಲಲ್ಲಿ ಕವಲುಗೋಲು ನೆಟ್ಟಳು. ಗಂಡನ ಊರಿನಲ್ಲಿ ಹಾಗೆ ನೆಡುವುದನ್ನು ನೋಡಿದ್ದಳು. ಕತ್ತಲಾದರೆ ಗೂಬೆಗಳು ಬಂದು ಕವಲಿನ ಮೇಲೆ ಕುಳಿತು ಇಲಿ ಹಿಡಿಯುತ್ತವೆ. ಹೊಗೆ ಬೇಡ, ಬಡಿಗೆ ಬೇಡ. ಗೂಬೆಗಳು ಬಂದವು. ಇಲಿಗಳು ಕಡಿಮೆಯಾದವು, ತಂಗಿಯ ಗದ್ದೆಯಲ್ಲೂ ಅಣ್ಣನ ಗದ್ದೆಯಲ್ಲೂ. ಗೂಬೆಗೆ ಬದು ಗೊತ್ತಿಲ್ಲ ನೋಡು.

ಆದರೆ ಊರಿಗೆ ಗೂಬೆ ಗೊತ್ತಿತ್ತು. ಗಂಡನನ್ನು ಕಳೆದುಕೊಂಡವಳು ಊರಿಗೆ ಗೂಬೆ ಕರೆಯುತ್ತಿದ್ದಾಳೆ ಎಂದು ಕಟ್ಟೆಯ ಮೇಲೆ ಮಾತಾಯಿತು. ಯಾರದೋ ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕಿತು, ಗೂಬೆಯ ಮೇಲೆ ಬಂತು. ಯಾರದೋ ಮುದುಕಿ ಸತ್ತಳು, ಅದೂ ಗೂಬೆಯ ಮೇಲೆ ಬಂತು. ಮುದುಕಿಗೆ ವಯಸ್ಸಾಗಿತ್ತು ಎಂದು ಹೇಳುವ ಗಂಡಸು ಆ ಕಟ್ಟೆಯ ಮೇಲೆ ಒಬ್ಬನೂ ಇರಲಿಲ್ಲ. ರೈತನಿಗೆ ತಂಗಿಯ ಹೆಸರು ಕೆಡುವುದು ನೋಡಲಾಗಲಿಲ್ಲ. ತಾನೇ ಹೋಗಿ ಕೋಲುಗಳನ್ನು ಒಂದೊಂದಾಗಿ ಕಿತ್ತ. ಮುರಿಯಲಿಲ್ಲ, ಎಸೆಯಲಿಲ್ಲ. ನೀಟಾಗಿ ಹೊರೆ ಕಟ್ಟಿ ಅವಳ ಗುಡಿಸಲಿನ ಮುಂದೆ ಇಟ್ಟು, "ಒಲಿಗೆ ಆಗ್ತಾವ ತಂಗಿ" ಎಂದು ಹೇಳಿ ಬಂದ. ನಾಲ್ಕು ದಿನ ಬಿಟ್ಟು, ಅವಳು ಕೂಲಿಗೆ ಹೋದ ಹೊತ್ತಿನಲ್ಲಿ, ಮತ್ತೆ ಹೊಗೆ ಹಾಕಿದ.

ಆ ವರ್ಷವೂ ಬುಟ್ಟಿ ಬಂತು. ಬುಟ್ಟಿ ಹೊತ್ತ ಆಳು ಈಗ ನಡುಬೀದಿಯಲ್ಲಿ ಇನ್ನೂ ನಿಧಾನವಾಗಿ ನಡೆಯುತ್ತಿದ್ದ. ನಮ್ಮ ಮಾವ ಎಷ್ಟು ಒಳ್ಳೆಯವರು ಎಂದು ಮಗಳು ಹೇಳಿದಳು. ತಾಯಿ ಒಲೆಗೆ ಇನ್ನೊಂದು ಕವಲುಗೋಲು ಇಟ್ಟಳು.

ಮೂರನೆಯ ವರ್ಷ ಅವಳು ಸಂತೆಯಿಂದ ಇಲಿ ಪಾಷಾಣ ತಂದಳು. ಮಗಳನ್ನು ಗುಡಿಸಲಿನಲ್ಲಿ ಕೂಡಿಹಾಕಿ, ಕೈಗೆ ಬಟ್ಟೆ ಸುತ್ತಿಕೊಂಡು, ಅದನ್ನು ಹಿಟ್ಟಿಗೆ ಕಲಸಿ ಬದುವಿನ ಉದ್ದಕ್ಕೂ ಇಟ್ಟಳು. ಇಡುವಾಗ ಅತ್ತಳು. ಅವಳಿಗೂ ಕೊಲ್ಲುವುದೆಂದರೆ ಆಗುತ್ತಿರಲಿಲ್ಲ. ಕೊಲ್ಲದಿರುವ ಭಾಗ್ಯವನ್ನು ಅಣ್ಣ ಮೊದಲೇ ಎತ್ತಿಕೊಂಡಿದ್ದ, ಅವಳ ಪಾಲಿಗೆ ಏನು ಉಳಿದಿತ್ತೋ ಅದನ್ನು ಅವಳು ಮಾಡಿದಳು.

ಇಲಿಗಳು ಸತ್ತವು. ಬದುವಿನ ಮೇಲೆ, ಕಾಲುವೆಯಲ್ಲಿ, ಎರಡೂ ಗದ್ದೆಗಳ ಕೆಸರಿನಲ್ಲಿ ಹೊಟ್ಟೆ ಮೇಲಾಗಿ ಬಿದ್ದವು. ಸತ್ತ ಇಲಿಯನ್ನು ತಿಂದು ರೈತನ ನಾಯಿಯೂ ಸತ್ತಿತು. ರೈತ ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅವನ ಅಳು ಸುಳ್ಳಲ್ಲ, ಆ ನಾಯಿಯ ಮೇಲೆ ಅವನಿಗೆ ನಿಜಕ್ಕೂ ಜೀವ ಇತ್ತು. ತಂಗಿಯ ಬರಿಗಣದ ಮುಂದೆ ಮಾತ್ರ ಅವನಿಗೆ ಎಂದೂ ಅಳು ಬಂದಿರಲಿಲ್ಲ.

ಊರು ಕಟ್ಟೆಯ ಮೇಲೆ ಕೂಡಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಅವನು ದೇವರಂಥವನು, ಇವಳು ನೋಡಿ ಕಟುಕಿ ಎಂದಿತು. ಬೈಯಲಿಲ್ಲ, ಹೊಡೆಯಲಿಲ್ಲ. ಅವಳನ್ನು ಯಾರೂ ಕೂಲಿಗೆ ಕರೆಯಬಾರದು ಎಂದಷ್ಟೇ ಮಾತಾಯಿತು. ಪಾಷಾಣ ಮುಟ್ಟಿದ ಕೈ ನಮ್ಮ ಪೈರು ಮುಟ್ಟಬಾರದಂತೆ. ಅದೇ ಬದುವಿನ ಮೇಲೆ ಬಡಿಗೆ ಹಿಡಿದು ನಿಂತಿದ್ದರೆ ಕಟ್ಟಳೆ, ಒಬ್ಬಳೇ ಪಾಷಾಣ ಇಟ್ಟರೆ ಪಾಪ. ಅವಳು ಏಕೆ ಒಬ್ಬಳಾದಳು ಎಂದು ಯಾರೂ ಕೇಳಲಿಲ್ಲ.

ಆ ಸಲ ತಂಗಿಯ ಗದ್ದೆ ಬೆಳೆಯಿತು. ಆದರೆ ಕೊಯ್ಲಿಗೆ ಒಂದು ಆಳೂ ಬರಲಿಲ್ಲ. ತಾಯಿ ಮಗಳು ಇಬ್ಬರೇ ಕೊಯ್ದಷ್ಟು ಕೊಯ್ದರು, ಉಳಿದದ್ದು ನಿಂತಲ್ಲೇ ಉದುರಿತು. ಕೂಲಿಯಿಲ್ಲದೆ ಉಳಿದ ದಿನಗಳನ್ನು ನೂಕುವುದು ಹೇಗೆ? ಒಂದು ಬೆಳಿಗ್ಗೆ ಅವಳು ಗಂಟು ಕಟ್ಟಿಕೊಂಡು, ಮಗಳ ಕೈ ಹಿಡಿದು ಅಣ್ಣನ ಬಾಗಿಲಿಗೆ ಬಂದಳು. ಯಾವ ಬಾಗಿಲಿಗೆ ಬರಬಾರದು ಎಂದಿದ್ದಳೋ ಅದೇ ಬಾಗಿಲು. ಸೆರಗು ಒಡ್ಡಲಿಲ್ಲ. ಹೊಸ್ತಿಲ ಹೊರಗೇ ನಿಂತು ಹೇಳಿದಳು:

"ಅಪ್ಪ ಕೊಟ್ಟ ತುಂಡು ನೀನ ಇಟ್ಕೋ. ನಾ ಎಲ್ಲ್ಯಾರ ಹೋಗ್ತೀನಿ."

ಅವಳು ಎಲ್ಲಿಗೆ ಹೋದಳು ಎಂದು ಆಮೇಲೆ ಯಾರಿಗೂ ಗೊತ್ತಾಗಲಿಲ್ಲ. ರೈತ ಸ್ವಲ್ಪ ದಿನ ಊಟ ಬಿಟ್ಟ. ಊರವರು ಬಂದು ಸಮಾಧಾನ ಮಾಡಿದರು.

ಮುಂದಿನ ಬೆಳೆಗೆ ಬದುವಿನ ಈ ಕಡೆಯೂ ಅವನದು, ಆ ಕಡೆಯೂ ಅವನದು. ತೆನೆ ಬರುವ ಕಾಲಕ್ಕೆ ಮಡಕೆಗೆ ಬೇವು, ಮೆಣಸಿನಕಾಯಿ ತುಂಬಿದ. ಎಂದಿನಂತೆ ಈ ಕಡೆ ಮುಚ್ಚಿ ಊದಿದ. ಊದಿ ಎದ್ದು ನಿಂತು, ಕಣ್ಣು ಒರೆಸಿಕೊಂಡು ಬದುವಿನ ಆಚೆ ನೋಡಿದ. ತನ್ನ ಪೈರಿನೊಳಗೆ ಇಲಿಗಳು ಓಡುತ್ತಿದ್ದವು. ಹಿಂದೆ ಎರಡು ಸಲವೂ ಅದೇ ದಾರಿಯಲ್ಲಿ ಓಡಿದ್ದ ಇಲಿಗಳು ಅವನ ಕಣ್ಣಿಗೆ ಕಂಡದ್ದು ಅಂದೇ ಮೊದಲು.

ಇಲ್ಲಿ ಮುರಿಗೆಪ್ಪ ತಡೆಯಲಾರದೆ ಬಾಯಿ ಹಾಕಿದ. "ಆಗಲಾದರೂ ಅವನಿಗೆ ಬುದ್ಧಿ ಬಂತೇ, ಗುರುಗಳೇ?"

"ಬಂತಲ್ಲ" ಎಂದರು ಗುರುಗಳು. "ಆ ತುಂಡನ್ನು ಹೊಲವಿಲ್ಲದ ಒಬ್ಬ ಬಡವನಿಗೆ ಗುತ್ತಿಗೆಗೆ ಕೊಟ್ಟ. ಬೆಳೆ ಬಂದರೂ ಸರಿ, ಬಾರದಿದ್ದರೂ ಸರಿ, ಒಕ್ಕಣೆ ಮುಗಿದ ಮೇಲೆ ಇಷ್ಟು ಚೀಲ ಅಳೆಯಬೇಕು ಎಂದು ಮಾತಾಯಿತು. ಗತಿಯಿಲ್ಲದವನಿಗೆ ನೆಲ ಕೊಟ್ಟ ಪುಣ್ಯಾತ್ಮ ಎಂದು ಊರು ಮತ್ತೊಮ್ಮೆ ಹೊಗಳಿತು. ಆಮೇಲೆ ಅವನು ಇರುವವರೆಗೆ ಅವನ ಕಡೆಯ ಬದುವಿನ ಮೇಲೆ ಒಂದು ಜೀವವೂ ಸಾಯಲಿಲ್ಲ."

ಮುರಿಗೆಪ್ಪನ ಮುಖ ಕೆಂಪಾಯಿತು. "ಥೂ, ಅವನ ದಯೆಗೆ ಬೆಂಕಿ ಬೀಳಲಿ! ಒಡಹುಟ್ಟಿದವಳು ಗುರುಗಳೇ! ಅಂಥವನಿಗೆ ಒಂದು ದಿನವಾದರೂ ಅವಳ ಮುಖ ನೆನಪಾಗಲಿಲ್ಲವೇ?"

ಗುರುಗಳು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ಅಕ್ಕಿ ಹರವಿದರು. ಒಂದು ಕಲ್ಲು ಆರಿಸಿದರು. ಆಮೇಲೆ ಕೇಳಿದರು:

"ಅದಿರಲಿ ಮುರಿಗೆಪ್ಪ, ನಿನ್ನ ತಂಗಿ ನೀರು ಹಾಕುವಾಗ ನಿಮ್ಮ ಅಣ್ಣನನ್ನು ಈಗ ಯಾರು ಹಿಡಿದುಕೊಳ್ಳುತ್ತಾರೆ?"