ಎದುರಾಳಿ ಇಟ್ಟ ಕಲ್ಲು

“ಗುರುಗಳೇ, ಎದುರು ಪಕ್ಷದವರ ಮಾತನ್ನೂ ನಾವೇಕೆ ಬರೆದಿಡಬೇಕು?” ಎಂದು ಬೊಮ್ಮಣ್ಣ ಕೇಳಿದ. ಅವನು ತಮ್ಮ ಶಾಲೆಯ ಗ್ರಂಥವನ್ನು ಹೊಸ ತಾಳೆಗರಿಗೆ ಇಳಿಸುತ್ತಿದ್ದ. “ಅವರ ವಾದಕ್ಕೇ ಮೂವತ್ತು ಗರಿ ಹಿಡಿಯುತ್ತದೆ. ಅದನ್ನು ಬಿಟ್ಟುಬಿಡುತ್ತೇನೆ. ಅವರ ಬಾಯಿ ಮುಚ್ಚಿಸಲು ನಮ್ಮ ಏಳನೆಯ ಯುಕ್ತಿ, ಆ ಕುಂಬಾರರ ಲೆಕ್ಕವೊಂದೇ ಸಾಕು.”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಇಬ್ಬರು ಪಂಡಿತರಿದ್ದರು. ವಸ್ತುವಿನ ಬೆಲೆ ಅದನ್ನು ಮಾಡಿದವನ ದುಡಿಮೆಯಿಂದ ಹುಟ್ಟುತ್ತದೆ ಎಂಬುದು ಒಬ್ಬನ ಮತ. ಕೊಳ್ಳುವವನ ಬಯಕೆಯಿಂದ ಹುಟ್ಟುತ್ತದೆ ಎಂಬುದು ಇನ್ನೊಬ್ಬನದು. ಮೂವತ್ತು ವರ್ಷ ವಾದಿಸಿದರು. ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಕುಡಿದವರಲ್ಲ. ಆದರೆ ಆ ಊರಿನ ಸಭೆಗೆ ಒಂದು ಕಟ್ಟಳೆಯಿತ್ತು. ಎದುರಾಳಿಯ ವಾದವನ್ನು ಮೊದಲು ತಾನೇ ಹೇಳಬೇಕು. ಅವನು ‘ಹೌದು, ಇದೇ ನನ್ನ ಮಾತು’ ಎಂದು ಒಪ್ಪಿದ ಮೇಲೆಯೇ ಖಂಡಿಸಬೇಕು.

ಒಂದು ಬೇಸಿಗೆ ದುಡಿಮೆಯ ಪಂಡಿತನ ಮನೆಗೆ ಬೆಂಕಿ ಬಿತ್ತು. ಗ್ರಂಥದ ಒಂದು ಗರಿಯೂ ಉಳಿಯಲಿಲ್ಲ. ವಯಸ್ಸಾಗಿತ್ತು, ನೆನಪಿನಿಂದ ಬರೆಯಲು ಕುಳಿತರೆ ಅರ್ಧಕ್ಕೇ ನಿಲ್ಲುತ್ತಿತ್ತು. ಶಿಷ್ಯರು ಒಬ್ಬೊಬ್ಬರಾಗಿ ಬೇರೆ ದಾರಿ ಹಿಡಿದರು. ತನ್ನೊಂದಿಗೆ ತನ್ನ ಮತವೂ ಮುಗಿಯಿತು ಎನ್ನಿಸಿತು. ಕೊನೆಗೆ ಅಭಿಮಾನ ನುಂಗಿಕೊಂಡು ಎದುರಾಳಿಯ ಜಗುಲಿ ಹತ್ತಿದ.

“ನನ್ನ ವಾದ ನಿಮಗೆಷ್ಟು ನೆನಪಿದೆ?”

“ಮೂವತ್ತು ವರ್ಷ ಬೈದಿದ್ದೇನೆ ಸ್ವಾಮಿ, ಬಾಯಿಪಾಠವಾಗದೆ ಇರುತ್ತದೆಯೇ? ಕೂತುಕೊಳ್ಳಿ, ಬರೆದುಕೊಳ್ಳಿ.”

ಒಂಬತ್ತು ದಿನ ಅವನು ಹೇಳಿದ, ಇವನು ಬರೆದ. ಒಂದು ಮಾತನ್ನೂ ಅವನು ತಿರುಚಲಿಲ್ಲ. ಕೊನೆಯ ದಿನ ಒಂದು ಪ್ರಶ್ನೆಯ ಬಳಿ ಇವನ ಕೈ ನಿಂತಿತು. ಸೋಮಾರಿ ಕುಂಬಾರನೊಬ್ಬ ಒಂದೇ ಮಡಕೆಗೆ ಹತ್ತು ದಿನ ತೆಗೆದುಕೊಂಡರೆ ಅದರ ಬೆಲೆ ಹತ್ತು ಪಟ್ಟಾಗುತ್ತದೆಯೇ? ಈ ಪ್ರಶ್ನೆಗೆ ಇವನಲ್ಲಿ ಎಂದೂ ಉತ್ತರವಿರಲಿಲ್ಲ. ಎದುರಾಳಿ ಈಗ ಉತ್ತರವನ್ನೂ ಹೇಳುತ್ತಿದ್ದ: ಅಳೆಯಬೇಕಾದದ್ದು ಒಬ್ಬನ ದುಡಿಮೆಯನ್ನಲ್ಲ, ಊರಿನ ಕುಂಬಾರರೆಲ್ಲರ ವಾಡಿಕೆಯ ದುಡಿಮೆಯನ್ನು.

“ಇದು ನನ್ನ ಮಾತಲ್ಲ,” ಎಂದ ಇವನು.

“ಅಲ್ಲ. ಮುಂದಿನ ಸಭೆಗೆ ಸಿದ್ಧನಾಗುವಾಗ ಕಂಡಿತು, ಅಲ್ಲಿ ನಿಮ್ಮ ಗೋಡೆ ಸಡಿಲವಾಗಿದೆ. ಸಡಿಲ ಗೋಡೆ ಕೆಡವಿ ಗೆದ್ದೆ ಎನ್ನಲು ನಾಚಿಕೆಯಾಯಿತು. ನಾನೇ ಒಂದು ಕಲ್ಲು ಇಟ್ಟೆ. ಹುಣ್ಣಿಮೆಯ ಸಭೆಗೆ ಬನ್ನಿ, ಅದನ್ನೂ ಸೇರಿಸಿ ಕೆಡವುತ್ತೇನೆ!”

ಗುರುಗಳು ಕತೆ ನಿಲ್ಲಿಸಿದರು. ಬೊಮ್ಮಣ್ಣ ಲೇಖನಿಯನ್ನು ಕೆಳಗಿಟ್ಟಿದ್ದ. ಮೆಲ್ಲಗೆ ಕೇಳಿದ: “ಆ ಕಲ್ಲನ್ನು ಅವರು ಕೆಡವಿದರೇ?”

“ನಿನ್ನ ಏಳನೆಯ ಯುಕ್ತಿ ಇನ್ನೂ ನಿಂತಿದೆಯಲ್ಲಪ್ಪ,” ಎಂದರು ಗುರುಗಳು.