ಟ್ರ್ಯಾಕ್ಟರಿನ ಕಾಲು ಕಟ್ಟಿದವನು

"ಕಲಿಯಲು ಹೊರಟಾಗ ಊರೆಲ್ಲ ಕರೆಯುತ್ತದೆ. ಕಲಿತು ಬಂದಾಗ ಊರೆಲ್ಲ ಬಾಗಿಲು ಹಾಕಿಕೊಳ್ಳುತ್ತದೆ. ಹಾಗಾಗದ ಕಸುಬು ಯಾವುದು ಗುರುಗಳೇ?"

"ಒಗಟೋ, ಪ್ರಶ್ನೆಯೋ?"

"ಒಗಟೇ ಅಂದುಕೊಳ್ಳಿ. ಉತ್ತರ ನನಗೂ ಗೊತ್ತಿಲ್ಲ."

ಕೇಳಿದವನು ಹಾಲೇಶ. ವಯಸ್ಸು ನಲವತ್ತೊಂದು. ಮಠಕ್ಕೆ ಬಂದವರೆಲ್ಲ ಮುಕ್ತಿಯ ದಾರಿ ಕೇಳಿದರೆ ಇವನು ಕೆಲಸದ ದಾರಿ ಕೇಳುತ್ತಿದ್ದ. ಟೈಪಿಂಗ್ ಕಲಿತ, ಸರ್ಟಿಫಿಕೇಟು ಕೈಗೆ ಬರುವಷ್ಟರಲ್ಲಿ ಊರಿಗೆ ಕಂಪ್ಯೂಟರ್ ಬಂತು. ವಿಸಿಆರ್ ರಿಪೇರಿ ಕಲಿತ, ವಿಸಿಆರ್‌ಗಳೆಲ್ಲ ಅಟ್ಟ ಹತ್ತಿದವು. ಫೋಟೋ ಸ್ಟುಡಿಯೋದಲ್ಲಿ ರೀಲು ತೊಳೆಯುವುದನ್ನು ಕಲಿತ, ಜನ ರೀಲು ಹಾಕಿಸುವುದನ್ನೇ ಬಿಟ್ಟರು. ಇವನು ಕಲಿಯಲು ಕೂತರೆ ಆ ಕಸುಬಿಗೇ ಕೇಡುಗಾಲ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಈಗ ಸೋಲಾರ್ ಕೂರಿಸುವ ತರಬೇತಿಗೆ ಅರ್ಜಿ ಕರೆದಿದ್ದರು. "ಬೇಡ ಮಾರಾಯ, ನೀನು ಸೋಲಾರ್ ಕಲಿತರೆ ನಾಳೆ ಸೂರ್ಯನೇ ಹುಟ್ಟಲಿಕ್ಕಿಲ್ಲ" ಎಂದಿದ್ದ ನೆರೆಮನೆಯವನು. ಹೆಂಡತಿ ನಗಲಿಲ್ಲ. ಇರುವ ಗೋಡೌನಿನ ಕಾವಲು ಕೆಲಸ ಬಿಟ್ಟು ಹೋದರೆ ಮೂರು ತಿಂಗಳು ಒಲೆ ಹೇಗೆ ಹತ್ತಬೇಕು, ಅಷ್ಟೇ ಕೇಳಿದಳು.

"ಅರ್ಜಿಗೆ ಇವತ್ತೇ ಕೊನೆ ದಿನ. ಹಾಕಲೋ ಬೇಡವೋ?" ಎಂದ ಹಾಲೇಶ.

ಗುರುಗಳು ಹಾಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಕತೆ ಹೇಳಿದರು.

ಒಬ್ಬ ಲಾಳ ಕಟ್ಟುವವನಿದ್ದ. ಎಂಥ ಹಾಯುವ ಎತ್ತಾದರೂ ಅವನ ಮುಂದೆ ಬೆಕ್ಕಿನ ಮರಿ. ಹಗ್ಗ ಹಾಕಿ ಕೆಡವುವನು, ನಾಲ್ಕೂ ಕಾಲು ಸೇರಿಸಿ ಕಟ್ಟುವನು, ಆಮೇಲೆ ಮೊಳೆ ಬಾಯಲ್ಲಿ ಕಚ್ಚಿಕೊಂಡು ಸುತ್ತಿಗೆ ಎತ್ತುವನು. ಕಟ್ಟದೆ ಗೊರಸು ಮುಟ್ಟಬಾರದು. ಅದು ಅವನಪ್ಪ ಕಲಿಸಿದ ಮೊದಲ ಪಾಠ. ಅವನಪ್ಪನಿಗೆ ಆ ಪಾಠ ಕಲಿಸಿದ್ದು ಒಂದು ಎತ್ತು. ಅಪ್ಪನ ಮುಂದಿನ ಎರಡು ಹಲ್ಲು ಅದಕ್ಕೆ ಗುರುದಕ್ಷಿಣೆಯಾಗಿ ಹೋಗಿದ್ದವು.

ಊರಿಗೆ ಟ್ರ್ಯಾಕ್ಟರ್ ಬಂತು. ಒಂದು ಬಂತು, ಹತ್ತಾಯಿತು. ಎತ್ತುಗಳು ಒಂದೊಂದಾಗಿ ಸಂತೆಗೆ ಹೋದವು, ತಿರುಗಿ ಬರಲಿಲ್ಲ. ಸುತ್ತಿಗೆಗೆ ತುಕ್ಕು ಹಿಡಿಯಿತು. ಲಾಳದವನು ಆರು ತಿಂಗಳು ಗೋಡೆ ನೋಡಿಕೊಂಡು ಕೂತ. ಆಮೇಲೆ ಟ್ರ್ಯಾಕ್ಟರ್ ರಿಪೇರಿಯ ತರಬೇತಿಗೆ ಸೇರಿದ. ಪಾಸಾದರೆ ಶೆಡ್ಡಿನಲ್ಲಿ ಕೆಲಸ, ಇಲ್ಲವಾದರೆ ಮತ್ತೆ ಅದೇ ಗೋಡೆ.

ಮೊದಲ ದಿನ ಗಾಲಿ ಬಿಚ್ಚಿ ಎಂದರು. ಲಾಳದವನು ಹೆಗಲ ಮೇಲಿನ ಹಗ್ಗ ಇಳಿಸಿದ. ಟ್ರ್ಯಾಕ್ಟರಿನ ಗಾಲಿಗೆ ಕಲ್ಲು ಕೊಟ್ಟ. ಮುಂದಿನ ಗಾಲಿ ಎರಡನ್ನೂ ಸೇರಿಸಿ ಕಂಬಕ್ಕೆ ಬಿಗಿದ. ಬಿಗಿದು ಅದರ ಬೆನ್ನು ತಟ್ಟಿ "ಹೋ, ಹೋ" ಎಂದ.

ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು. "ಅಜ್ಜೋ, ಮೂಗುದಾರವನ್ನೂ ಪೋಣಿಸಿಬಿಡು!" ಎಂದು ಒಬ್ಬ ಕೂಗಿದ.

ಕಲಿಸುವವನು ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. "ಯಜಮಾನ್ರೇ, ಇದು ಒದೆಯಲ್ಲ" ಎಂದ.

"ಒದೆಯುವ ತನಕ ಯಾವ ಎತ್ತೂ ಒದೆಯಲ್ಲಪ್ಪ" ಎಂದ ಲಾಳದವನು.

"ಪರೀಕ್ಷೆಗೆ ಅರ್ಧ ಗಂಟೆ ಕೊಡುತ್ತಾರೆ. ನೀವು ಕಟ್ಟುವುದಕ್ಕೇ ಹತ್ತು ನಿಮಿಷ ಹೋಯಿತು. ಇದನ್ನು ಬಿಡದಿದ್ದರೆ ನೀವು ಪಾಸಾಗಲ್ಲ. ನನ್ನನ್ನು ಬೈದುಕೊಂಡರೂ ಸರಿ."

ಲಾಳದವನು ಹಗ್ಗ ಬಿಡಲು ನೋಡಿದ. ಹಗ್ಗವಿಲ್ಲದೆ ಟ್ರ್ಯಾಕ್ಟರಿನ ಕೆಳಗೆ ತೂರಿದರೆ ಕಣ್ಣು ಗಾಲಿ ಬಿಟ್ಟು ಕದಲುತ್ತಿರಲಿಲ್ಲ. ಬೋಲ್ಟು ಒಂದು ಕಡೆ, ಪಾನಾ ಒಂದು ಕಡೆ. ಕೊಂಬಿಗೆ ಹೆದರದವನು ಕಬ್ಬಿಣಕ್ಕೆ ಹೆದರಿದ.

ಪರೀಕ್ಷೆಯ ದಿನ ಬಂತು. ಲಾಳದವನು ಶೆಡ್ಡಿನ ಬಾಗಿಲಲ್ಲಿ ಹಗ್ಗ ಹಿಡಿದು ನಿಂತ. ಹೊರಗಿಟ್ಟು ಹೋದರೆ ಪಾನಾ ಬೋಲ್ಟಿಗೆ ಕೂರುವುದಿಲ್ಲ. ಒಳಗೆ ಒಯ್ದರೆ ಹೊತ್ತು ಸಾಲುವುದಿಲ್ಲ. ಮನೆಗೆ ತಿರುಗಿ ಹೋಗಲು ಎರಡು ಹೆಜ್ಜೆಯನ್ನೂ ಇಟ್ಟ. ಒಳಗಿನಿಂದ ಹೆಸರು ಕೂಗಿದರು. ಹಗ್ಗ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ.

ಗುರುಗಳು ಇಷ್ಟು ಹೇಳಿ ನೀರು ಕುಡಿದರು.

"ಆಮೇಲೆ?" ಹಾಲೇಶ ಮುಂದಕ್ಕೆ ಜರುಗಿದ. "ಪಾಸಾದನೋ ಇಲ್ಲವೋ? ಇಂಥ ಹೊತ್ತಲ್ಲಿ ನೀರು ಕುಡೀತಾರಾ ಯಾರಾದರೂ?"

ಗುರುಗಳು ಮುಂದುವರಿಸಿದರು. ಲಾಳದವನು ಕಲ್ಲು ಕೊಟ್ಟ, ಹಗ್ಗ ಬಿಗಿದ. ಉಳಿದವರು ಆಗಲೇ ಅರ್ಧ ಕೆಲಸ ಮುಗಿಸಿದ್ದರು. ಅಷ್ಟರಲ್ಲಿ ಪಕ್ಕದ ಟ್ರ್ಯಾಕ್ಟರಿನ ಜಾಕು ಜಾರಿತು. ಟ್ರ್ಯಾಕ್ಟರ್ ಹಿಂದಕ್ಕೆ ಉರುಳಿ, ನೆರೆಯದಕ್ಕೆ ಗುದ್ದಿ, ಅದು ಇನ್ನೊಂದಕ್ಕೆ ಗುದ್ದಿ, ಹುಡುಗರೆಲ್ಲ ಪಾನಾ ಬಿಸಾಕಿ ಓಡಿದರು. ಕಟ್ಟಿದ್ದೊಂದು ಮಾತ್ರ ಕದಲಲಿಲ್ಲ. ಪರೀಕ್ಷಕರು ಬೆವರು ಒರೆಸಿಕೊಂಡು, ಇದನ್ನು ನಿನಗೆ ಕಲಿಸಿದವರು ಯಾರು ಎಂದರು. "ಕೊಂಬು ಇದ್ದವರು ಸಾಮಿ" ಎಂದ ಲಾಳದವನು. ಅಂದಿನಿಂದ ಆ ಶೆಡ್ಡಿನಲ್ಲಿ ಮೊದಲ ಪಾಠ ಹಗ್ಗದ್ದು. ಕಲಿಸುವವನು ಲಾಳದವನೇ.

ಹಾಲೇಶನ ಮುಖ ಅರಳಿತು. "ಅಂದರೆ ಕಲಿತದ್ದು ಯಾವುದೂ ಹಾಳಾಗಲ್ಲ! ಸಾಕು ಗುರುಗಳೇ, ನನಗೆ ಧೈರ್ಯ ಬಂತು. ಆ ಶೆಡ್ಡು ಯಾವೂರಲ್ಲಿದೆ? ಒಮ್ಮೆ ಹೋಗಿ ಅವನ ಕಾಲಿಗೆ ಬಿದ್ದು ಬರುತ್ತೇನೆ."

ಗುರುಗಳು ನೀರಿನ ಲೋಟ ಪಕ್ಕಕ್ಕೆ ಸರಿಸಿದರು.

"ನೀರು ಕುಡಿದ ಮೇಲೆ ಹೇಳಿದ್ದೆಲ್ಲ ನಾನು ಕಟ್ಟಿದ ಕತೆ ಕಣಯ್ಯ, ಕೊನೆ ಗೊತ್ತು ಮಾಡಿಕೊಂಡು ಅವನೂ ಶೆಡ್ಡಿನೊಳಗೆ ಹೋಗಿರಲಿಲ್ಲ."